ಸಭಾಂಗಣವಿಲ್ಲದ ಸಭೆ

ಬೆಂಗಳೂರಿನ ಸಭೆಗಳ ಚರಿತ್ರೆಯನ್ನು ಬರೆಯಹೊರಟವನಿಗೆ ಅದರ ಸಭಾಂಗಣಗಳೇ ಮೊದಲ ಆಕರ. ೧೯೧೫ರಲ್ಲಿ ಜನ್ಮತಾಳಿದ ಕನ್ನಡ ಸಾಹಿತ್ಯ ಪರಿಷತ್ತಿಗೆ ಚಾಮರಾಜಪೇಟೆಯಲ್ಲಿ ತನ್ನದೇ ಆದ ಮಂದಿರವಿದೆ, ಡಿ. ವಿ. ಗುಂಡಪ್ಪನವರು ೧೯೪೫ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೂ, ಅದೇ ವರ್ಷ ಬಿ. ಪಿ. ವಾಡಿಯಾ ಅವರ ಮುಂದಾಳುತನದಲ್ಲಿ ಬಸವನಗುಡಿಯಲ್ಲಿ ತಲೆಯೆತ್ತಿದ ವಿಶ್ವಸಂಸ್ಕೃತಿ ಸಂಸ್ಥೆಗೂ ಸ್ವಂತದ ಸೂರಿದೆ, ಎಚ್. ನರಸಿಂಹಯ್ಯನವರು ೧೯೬೨ರಲ್ಲಿ ಪ್ರಾರಂಭಿಸಿದ ಬೆಂಗಳೂರು ಸೈನ್ಸ್ ಫೋರಂ ನ್ಯಾಷನಲ್ ಕಾಲೇಜಿನ ಆವರಣದಲ್ಲಿ ಬುಧವಾರದ ಸಂಜೆಗಳನ್ನು ದಶಕಗಳ ಪರ್ಯಂತ ವಿಜ್ಞಾನಕ್ಕೆ ಮೀಸಲಿಟ್ಟು ಬಂದಿದೆ. ಇವುಗಳ ಪೈಕಿ ಯಾವುದರ ಇತಿಹಾಸವನ್ನಾದರೂ ತಿಳಿಯಬಯಸುವವನು ಆ ಕಟ್ಟಡದೊಳಕ್ಕೆ ಹೊಕ್ಕು, ಗೋಡೆಯ ಮೇಲಣ ಭಾವಚಿತ್ರಗಳನ್ನು ನೋಡಿ, ಕಚೇರಿಯಲ್ಲಿ ಹಳೆಯ ವರದಿಗಳನ್ನು ಕೇಳಿ ಪಡೆದರೆ ಅರ್ಧ ಕೆಲಸ ಮುಗಿದಂತೆ. ಆದರೆ ಕಳೆದ ಮೂವತ್ತು ವರ್ಷಗಳಲ್ಲಿ ಈ ನಗರದ ಮುಖಚರ್ಯೆಯನ್ನೇ ಮಾರ್ಪಡಿಸಿದ ಕಸುಬಿನವರು, ಅಂದರೆ ವೆಬ್‌ಸೈಟುಗಳನ್ನೂ ಅವುಗಳ ಹಿಂದೆ ದುಡಿಯುವ ತಂತ್ರಾಂಶಗಳನ್ನೂ ರಚಿಸುವ ಡೆವಲಪರುಗಳು, ತಿಂಗಳುತಿಂಗಳೂ ಕಲೆಯುತ್ತ ಬಂದಿರುವ ಮೀಟಪ್ ಎಂಬ ಸಭೆಗೆ ಅಂಥ ಮಂದಿರವಾವುದೂ ಇಲ್ಲ. ಹೊರವರ್ತುಲ ರಸ್ತೆಯುದ್ದಕ್ಕೂ ಗಾಜಿನ ಸೌಧಗಳನ್ನು ಎಬ್ಬಿಸಲು ಕಾರಣವಾದ ಕಸುಬಿಗೆ ತಾನೇ ಕುಳಿತು ಮಾತನಾಡಿಕೊಳ್ಳುವ ಒಂದು ಚಾವಡಿ ದೊರೆಯದೆ ಹೋದುದು ವಿಚಿತ್ರವೇ ಸರಿ. ಆದರೆ ಅದರ ಚರಿತ್ರೆಯ ಮರ್ಮವಿರುವುದು ಆ ವೈಚಿತ್ರ್ಯದಲ್ಲಿಯೇ ಎಂದು ನನ್ನ ಭಾವನೆ. ಪರರ ಮನೆಯಲ್ಲಿ ಕೂಡುವ ಸಭೆ ಆ ಮನೆಯ ಯಜಮಾನನ ರೀತಿನೀತಿಗಳನ್ನು ಅರಿತೋ ಅರಿಯದೆಯೋ ಮೈಗೂಡಿಸಿಕೊಳ್ಳುತ್ತದೆ. ಆದಕಾರಣ ಈ ಸಭೆಯ ಇತಿಹಾಸವನ್ನು ಅದು ಎರವಲು ಪಡೆದ ಕೋಣೆಗಳ ಇತಿಹಾಸವನ್ನಾಗಿ ಹೇಳುವುದೇ ಯುಕ್ತವೆಂದು ತೋರುತ್ತದೆ.

ಸಭೆಯ ಸ್ವರೂಪವಾದರೋ ಸರಳವಾದುದು. ಶನಿವಾರದ ಪೂರ್ವಾಹ್ಣದಲ್ಲಿಯೋ ವಾರದ ನಡುವಣ ಒಂದು ಸಂಜೆಯಲ್ಲಿಯೋ ಕೆಲವು ಹತ್ತು ಮಂದಿ, ಒಮ್ಮೊಮ್ಮೆ ನೂರಕ್ಕೆ ಸಮೀಪದ ಮಂದಿ, ಒಂದೆಡೆ ಸೇರುತ್ತಾರೆ. ಬರುತ್ತೇವೆಂದು ಹೆಸರು ಬರೆಸಿದವರಲ್ಲಿ ಬಹುಮಂದಿ ಬಾರದೆ ಉಳಿಯುವುದನ್ನು ಸಂಘಟಕರು ಮೊದಲೇ ಲೆಕ್ಕಕ್ಕೆ ಹಿಡಿದಿರುತ್ತಾರೆ. ಇಬ್ಬರು ಮೂವರು ತಲಾ ಅರ್ಧ ಗಂಟೆಯಷ್ಟು ಕಾಲ ತಾವು ಕಟ್ಟಿದ ಒಂದು ಸಾಧನವನ್ನು, ಇಲ್ಲವೇ ತಮ್ಮನ್ನು ವಾರಗಟ್ಟಲೆ ಕಾಡಿದ ಒಂದು ದೋಷವನ್ನು ಕುರಿತು ತೆರೆಯ ಮೇಲೆ ಸ್ಲೈಡುಗಳನ್ನು ತೋರಿಸುತ್ತ ಮಾತನಾಡುತ್ತಾರೆ; ಅದಾದ ಮೇಲೆ ಧೈರ್ಯವಿದ್ದವರು ಐದೈದು ನಿಮಿಷದ ಲೈಟ್ನಿಂಗ್ ಟಾಕ್ ಕೊಡುತ್ತಾರೆ; ಕೊನೆಗೆ ಸಮೋಸವೋ ಪಿಜ್ಜಾವೋ ಬರುತ್ತದೆ. ಅಧ್ಯಕ್ಷ ಭಾಷಣವಿಲ್ಲ, ಹಾರ ತುರಾಯಿಗಳಿಲ್ಲ, ವಂದನಾರ್ಪಣೆ ಒಂದು ವಾಕ್ಯವನ್ನು ಮೀರುವುದಿಲ್ಲ. ನಮ್ಮ ಸಾಹಿತ್ಯ ಸಭೆಗಳ ದೀರ್ಘ ಸ್ವಾಗತಗಳಲ್ಲಿ ಬೆವರಿದವರಿಗೆ ಇದೊಂದೇ ಗುಣ ಸಾಕು, ಆ ಸಭೆಯನ್ನು ಮೆಚ್ಚಲು.

ಕಸುಬಿನವರು ಒಂದುಗೂಡುವುದು ಈ ನಾಡಿಗೆ ಹೊಸದಲ್ಲವಷ್ಟೆ. ಐಹೊಳೆಯನ್ನು ಮೂಲಸ್ಥಾನವನ್ನಾಗಿ ಮಾಡಿಕೊಂಡು ದಕ್ಷಿಣ ಭಾರತದಾದ್ಯಂತ ವ್ಯಾಪಿಸಿ, ಕಡಲಾಚೆಯ ಸುಮಾತ್ರದವರೆಗೂ ಶಾಸನಗಳನ್ನು ಬಿಟ್ಟು ಹೋದ ಅಯ್ಯಾವೊಳೆಯ ಐನೂರ್ವರ ಹೆಸರನ್ನು ನಮ್ಮ ಶಾಸನಗಳನ್ನು ಓದಿದವರೆಲ್ಲ ಬಲ್ಲರು. ವರ್ತಕರಿಗಿದ್ದಂತೆಯೇ ಕುಶಲಕರ್ಮಿಗಳಿಗೂ ಶ್ರೇಣಿಗಳಿದ್ದುವು. ಇಂದಿನ ಡೆವಲಪರುಗಳ ಸಭೆಯನ್ನು ಆ ಶ್ರೇಣಿಗಳ ಮುಂದುವರಿಕೆಯೆಂದು ವರ್ಣಿಸುವ ಉತ್ಸಾಹ ಕೆಲವರಲ್ಲಿ ಕಂಡುಬರುತ್ತದೆ. ಅದು ವಂಶಾವಳಿಯನ್ನು ಹೆಣೆಯುವವರ ಉತ್ಸಾಹವೇ ಹೊರತು ವಿವೇಚನೆಯಲ್ಲ. ಶ್ರೇಣಿ ತನ್ನ ಸದಸ್ಯರ ಹಕ್ಕನ್ನು ಕಾಯುತ್ತಿದ್ದಿತು, ಧರ್ಮಕಾರ್ಯಗಳಿಗೆ ಸುಂಕವೆತ್ತಿ ಕೊಡುತ್ತಿದ್ದಿತು, ತನ್ನವರಿಗೆ ತಾನೇ ಕಟ್ಟಳೆಗಳನ್ನು ವಿಧಿಸುತ್ತಿದ್ದಿತು. ಕೈಕಸುಬಿನ ಒಳಗುಟ್ಟುಗಳು ಮನೆತನದಿಂದ ಮನೆತನಕ್ಕೆ ಇಳಿದು ಬರುತ್ತಿದ್ದುವು. ಈ ಸಭೆಯಾದರೋ ಯಾರ ಹಕ್ಕನ್ನೂ ಕಾಯುವುದಿಲ್ಲ, ಯಾರ ಮೇಲೂ ಕಟ್ಟಳೆಯನ್ನು ಹೇರುವುದಿಲ್ಲ. ತನ್ನ ಗುಟ್ಟನ್ನು ಸ್ಪರ್ಧಿಯ ಎದುರಿನಲ್ಲಿಯೇ, ಕೇಳುವ ಮುನ್ನವೇ, ಬಿಚ್ಚಿಡುತ್ತದೆ. ಇದರ ಪೂರ್ವಜರನ್ನು ಬೇರೆಡೆಯಲ್ಲಿ ಹುಡುಕಬೇಕು.

ಅಮೆರಿಕೆಯ ಕ್ಯಾಲಿಫೋರ್ನಿಯ ಪ್ರಾಂತದ ಮೆನ್ಲೊ ಪಾರ್ಕಿನಲ್ಲಿ, ೧೯೭೫ರ ಮಾರ್ಚ್ ೫ರ ಸಂಜೆ, ಗೋರ್ಡನ್ ಫ್ರೆಂಚ್ ಎಂಬಾತನ ಮನೆಯ ಗ್ಯಾರೇಜಿನಲ್ಲಿ ೩೨ ಜನ ಕಲೆತರು. ಅವರನ್ನು ಕರೆಸಿದವರು ಫ್ರೆಂಚ್ ಮತ್ತು ಫ್ರೆಡ್ ಮೂರ್. ಅದೇ ವರ್ಷದ ಜನವರಿಯಲ್ಲಿ ಒಂದು ಮಾಸಪತ್ರಿಕೆಯ ಮುಖಪುಟದಲ್ಲಿ ಆಲ್ಟೇರ್ ೮೮೦೦ ಎಂಬ ಯಂತ್ರದ ಚಿತ್ರ ಪ್ರಕಟವಾಗಿ, ಕೆಲವು ನೂರು ಡಾಲರುಗಳಿಗೆ ಅದರ ಬಿಡಿಭಾಗಗಳನ್ನು ಅಂಚೆಯ ಮೂಲಕ ತರಿಸಿ ಮನೆಯಲ್ಲಿಯೇ ಒಂದು ಕಂಪ್ಯೂಟರನ್ನು ಜೋಡಿಸಿಕೊಳ್ಳಬಹುದೆಂಬ ವಾರ್ತೆ ಹಬ್ಬಿದ್ದಿತು. ಜೋಡಿಸಿದ ಮೇಲೆ ಅದರಿಂದ ಏನು ಮಾಡಿಸಬೇಕೆಂಬುದು ಮಾತ್ರ ಯಾರಿಗೂ ಸ್ಪಷ್ಟವಿರಲಿಲ್ಲ. ಆ ಅಸ್ಪಷ್ಟತೆಯೇ ಅವರನ್ನು ಒಂದುಗೂಡಿಸಿದ್ದು. ಹೋಂಬ್ರ್ಯೂ ಕಂಪ್ಯೂಟರ್ ಕ್ಲಬ್ ಎಂದು ಹೆಸರಾದ ಆ ಕೂಟದ ಮೊದಲ ದಿನ ಬಂದವರಲ್ಲಿ ಸ್ಟೀವ್ ವೋಜ್ನಿಯಾಕ್ ಒಬ್ಬ. ಮುಂದೆ ಆಪಲ್ ಸಂಸ್ಥೆಯ ಪ್ರಥಮ ಯಂತ್ರವಾಗಿ ಪರಿಣಮಿಸಿದ ತನ್ನ ವಿನ್ಯಾಸದ ನಕ್ಷೆಗಳನ್ನು ಆತ ಅದೇ ಕೂಟದಲ್ಲಿ ಕೇಳಿದವರಿಗೆಲ್ಲ ಹಂಚಿದನೆಂಬುದನ್ನು ಇಂದು ಆ ಸಂಸ್ಥೆಯ ಸಂಪತ್ತನ್ನು ಬಲ್ಲವರು ನಂಬುವುದು ಕಷ್ಟ.

ಗ್ಯಾರೇಜು ಸಾಲದೆ ಬಂದು ಕೂಟ ಅಲ್ಲಿ ಇಲ್ಲಿ ಅಲೆದು, ಕಡೆಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ರೇಖೀಯ ವೇಗೋತ್ಕರ್ಷಕ ಪ್ರಯೋಗಾಲಯದ ಸಭಾಂಗಣದಲ್ಲಿ ನೆಲೆನಿಂತಿತು. ಪರಮಾಣುವಿನ ಒಳಹೊಕ್ಕು ನೋಡುವ ವಿಜ್ಞಾನಿಗಳಿಗಾಗಿ ಕಟ್ಟಿದ ಆ ಸಭಾಂಗಣದಲ್ಲಿ, ಲೀ ಫೆಲ್ಸೆನ್‌ಸ್ಟೈನ್ ಎಂಬ ಎಂಜಿನಿಯರು ವೇದಿಕೆಯ ಮೇಲೆ ನಿಂತು ಸಭೆಯನ್ನು ಎರಡು ಭಾಗವಾಗಿ ನಡೆಸುತ್ತಿದ್ದನು: ಮೊದಲರ್ಧದಲ್ಲಿ ಒಬ್ಬೊಬ್ಬರಾಗಿ ಎದ್ದು ತಮ್ಮಲ್ಲಿ ಏನಿದೆ, ತಮಗೆ ಏನು ಬೇಕು ಎಂಬುದನ್ನು ಸಾರಬೇಕು, ಉಳಿದರ್ಧದಲ್ಲಿ ಸಭೆ ಚದುರಿ, ಉಳ್ಳವನು ಬೇಕಾದವನನ್ನು ಹುಡುಕಿಕೊಂಡು ಹೋಗಬೇಕು. ಬೆಂಗಳೂರಿನ ಮೀಟಪ್ಪುಗಳ ಆರಂಭದಲ್ಲಿ ಇಂದಿಗೂ ನಡೆಯುವ ಸ್ವಪರಿಚಯದ ಸುತ್ತು ಪ್ರಾಯಶಃ ಈ ಪದ್ಧತಿಯ ಕ್ಷೀಣಾವಶೇಷ. ಅವಶೇಷವೆಂದು ಏಕೆ ಹೇಳಿದೆನೆಂದರೆ, ಅಲ್ಲಿ ಪ್ರತಿಯೊಬ್ಬನೂ ತನಗೆ ಬೇಕಾದುದನ್ನು ಹೇಳುತ್ತಿದ್ದನು. ಇಲ್ಲಿ ತಾನು ಯಾವ ಕಂಪನಿಯವನೆಂಬುದನ್ನು ಹೇಳಿ ಕುಳಿತುಬಿಡುತ್ತಾನೆ.

ಆ ಕೂಟದಲ್ಲಿ ಹುಟ್ಟಿದ ಒಂದು ಜಗಳವನ್ನು ಇಲ್ಲಿ ನೆನೆಯದೆ ಮುಂದೆ ಹೋಗುವಂತಿಲ್ಲ. ಆಲ್ಟೇರ್ ಯಂತ್ರಕ್ಕಾಗಿ ಬಿಲ್ ಗೇಟ್ಸ್ ಮತ್ತು ಪಾಲ್ ಆ್ಯಲನ್ ಬರೆದಿದ್ದ ಬೇಸಿಕ್ ತಂತ್ರಾಂಶವನ್ನು ರಂಧ್ರಗಳಿದ್ದ ಕಾಗದದ ಸುರುಳಿಯ ಮೇಲೆ ದಾಖಲಿಸಿದ್ದರು. ಅಂಥ ಒಂದು ಸುರುಳಿ ಹೇಗೋ ಕೂಟದವರ ಕೈಸೇರಿತು. ಒಬ್ಬ ಸದಸ್ಯ ಅದರ ಹಲವು ಪ್ರತಿಗಳನ್ನು ಮಾಡಿ ತಂದು, ಒಂದು ಒಯ್ದವರು ಮುಂದಿನ ಸಭೆಗೆ ಎರಡು ತರಬೇಕೆಂಬ ಕರಾರಿನ ಮೇಲೆ ಹಂಚಿದನೆಂದು ಆ ಕಾಲದ ವೃತ್ತಾಂತಗಳು ಹೇಳುತ್ತವೆ. ನೆರೆಮನೆಯಿಂದ ಹೆಪ್ಪು ತಂದವರು ಮರುದಿನ ಮತ್ತೊಬ್ಬರಿಗೆ ಹೆಪ್ಪು ಕೊಡುವಷ್ಟೇ ಸಹಜವಾಗಿ ಇದು ನಡೆಯಿತು. ಅದನ್ನು ಕಳ್ಳತನವೆಂದು ಕರೆದು ಗೇಟ್ಸ್ ೧೯೭೬ರ ಫೆಬ್ರವರಿ ೩ರ ತಾರೀಖಿನ ಒಂದು ಬಹಿರಂಗ ಪತ್ರವನ್ನು ಬರೆದನು. ಆಗ ಆತನ ವಯಸ್ಸು ಇಪ್ಪತ್ತು. ದುಡಿದವನಿಗೆ ಕೂಲಿ ಬೇಡವೇ ಎಂಬುದು ಒಂದು ಪಕ್ಷ, ಹಂಚಿಕೊಳ್ಳದೆ ವಿದ್ಯೆ ಬೆಳೆಯುವುದೇ ಎಂಬುದು ಇನ್ನೊಂದು ಪಕ್ಷ. ಎರಡೂ ಪಕ್ಷಗಳು ಇಂದಿನ ಸಭೆಗಳಲ್ಲಿ ಒಂದೇ ಸಾಲಿನ ಕುರ್ಚಿಗಳಲ್ಲಿ ಕುಳಿತಿರುತ್ತವೆ, ಎಷ್ಟೋ ವೇಳೆ ಒಬ್ಬನೇ ವ್ಯಕ್ತಿಯೊಳಗೆ. ಹೋಂಬ್ರ್ಯೂ ಕ್ಲಬ್ ೧೯೮೬ರ ಡಿಸೆಂಬರಿನಲ್ಲಿ ಮುಕ್ತಾಯವಾಯಿತು.

ವೆಬ್ಬಿನ ಕಸುಬಿಗೆ ಮುಕ್ತತೆ ಹುಟ್ಟುಗುಣವಾಗಿ ಬಂದಿತು. ಜಿನೀವದ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ರೂಪಿಸಿದ ಈ ವ್ಯವಸ್ಥೆಯ ತಂತ್ರಾಂಶವನ್ನು ಆ ಸಂಸ್ಥೆ ೧೯೯೩ರ ಏಪ್ರಿಲ್ ೩೦ರಂದು ಸಾರ್ವಜನಿಕ ಸ್ವತ್ತೆಂದು ಘೋಷಿಸಿತು. ಇದಕ್ಕಿಂತಲೂ ಮಹತ್ವದ್ದು ಇನ್ನೊಂದುಂಟು: ಯಾವುದೇ ವೆಬ್ ಪುಟದ ಮೂಲಬರಹವನ್ನು, ಓದುವ ತಂತ್ರಾಂಶದ ಒಂದು ಗುಂಡಿಯೊತ್ತಿ, ಯಾರು ಬೇಕಾದರೂ ನೋಡಬಹುದಾಗಿದ್ದಿತು. ಶಿಲ್ಪಿಯೊಬ್ಬನ ವಿಗ್ರಹವನ್ನು ನೋಡಿದವನಿಗೆ ಆತ ಉಳಿ ಹಿಡಿದ ಬಗೆ ಕಾಣುವುದಿಲ್ಲ. ಇಲ್ಲಿ ವಿಗ್ರಹದೊಡನೆ ಉಳಿಯ ಪೆಟ್ಟುಗಳೂ ಪ್ರದರ್ಶಿತವಾಗಿರುತ್ತಿದ್ದುವು. ಗುರುವನ್ನು ಕಾಣದೆ, ಗುರುದಕ್ಷಿಣೆಯನ್ನು ಕೊಡದೆ, ಒಂದು ಪೀಳಿಗೆ ಹೀಗೆ ಕಸುಬನ್ನು ಕಲಿತು, ಕಲಿತ ಮೇಲೆ ಗುರುಗಳ ಮುಖವನ್ನು ನೋಡಬೇಕೆಂದು ಸಭೆಗಳಿಗೆ ಬಂದಿತು. ೧೯೯೪ರ ಮೇ ತಿಂಗಳಲ್ಲಿ ಸರ್ನ್‌ನಲ್ಲಿ ನಡೆದ ವೆಬ್ಬಿನ ಪ್ರಥಮ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಸೇರಿದವರು ಸುಮಾರು ೩೮೦ ಮಂದಿ. ಬರಬೇಕೆಂದಿದ್ದವರ ಸಂಖ್ಯೆ ಅದಕ್ಕಿಂತ ಬಹಳ ಹೆಚ್ಚಾಗಿದ್ದು, ಕೋಣೆಯ ಅಳತೆ ಅವರನ್ನು ಹೊರಗೆ ನಿಲ್ಲಿಸಿತು.

ಆ ವರ್ಷಗಳಲ್ಲಿ ಬೆಂಗಳೂರಿನ ಸ್ಥಿತಿ ಹೇಗಿದ್ದಿತು? ೧೯೮೫ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಇಲ್ಲಿ ತನ್ನ ಕೇಂದ್ರವನ್ನು ತೆರೆದು, ಉಪಗ್ರಹದ ಮೂಲಕ ತನ್ನ ಅಮೆರಿಕೆಯ ಕಚೇರಿಯೊಡನೆ ನೇರ ಸಂಪರ್ಕವನ್ನು ಏರ್ಪಡಿಸಿಕೊಂಡಿತು. ಆ ಸಂಪರ್ಕದ ಉಪಕರಣ ಎತ್ತಿನ ಗಾಡಿಯ ಮೇಲೆ ಸಾಗುತ್ತಿರುವ ಛಾಯಾಚಿತ್ರವನ್ನು ಈ ಉದ್ಯಮದ ಚರಿತ್ರೆ ಹೇಳುವವರೆಲ್ಲ ಎತ್ತಿ ತೋರಿಸುವುದುಂಟು. ಗಾಡಿಯ ವಿಚಿತ್ರಕ್ಕಿಂತ ನನ್ನ ಮನಸ್ಸನ್ನು ಸೆಳೆಯುವುದು ಬೇರೊಂದು ಸಂಗತಿ. ಅಂಥ ಕಂಪನಿಗಳಲ್ಲಿ ದುಡಿಯುತ್ತಿದ್ದ ತರುಣನೊಬ್ಬನಿಗೆ ಸಮುದ್ರದಾಚೆಯ ಸಹೋದ್ಯೋಗಿಯೊಡನೆ ಕ್ಷಣಾರ್ಧದಲ್ಲಿ ವ್ಯವಹರಿಸುವುದು ಸಾಧ್ಯವಾಯಿತು. ಅದೇ ಬೀದಿಯ ಇನ್ನೊಂದು ಕಟ್ಟಡದಲ್ಲಿ ಅದೇ ಸಮಸ್ಯೆಯೊಡನೆ ಹೆಣಗುತ್ತಿದ್ದವನ ಹೆಸರು ಕೂಡ ಅವನಿಗೆ ಗೊತ್ತಿರಲಿಲ್ಲ. ಸಾರ್ವಜನಿಕರಿಗೆ ಇಂಟರ್ನೆಟ್ಟು ಲಭಿಸಿದ್ದು ೧೯೯೫ರ ಆಗಸ್ಟ್ ೧೫ರಂದು ವಿದೇಶ ಸಂಚಾರ ನಿಗಮ ತನ್ನ ಸೇವೆಯನ್ನು ಮಹಾನಗರಗಳಲ್ಲಿ ಆರಂಭಿಸಿದ ಮೇಲೆ; ಟೆಲಿಫೋನಿನ ತಂತಿಯ ಮೂಲಕ ತೊಟ್ಟುತೊಟ್ಟಾಗಿ ಬರುತ್ತಿದ್ದ ಆ ಸೇವೆಯ ದರ ಮಧ್ಯಮ ವರ್ಗದ ಮನೆಗಳಿಗೆ ಎಟುಕುವಂಥದಾಗಿರಲಿಲ್ಲ.

ಸಭೆಗೆ ನಿಮಿತ್ತವಾದುದು ಈ ಅಭಾವವೇ. ಲಿನಕ್ಸ್ ಎಂಬ ಮುಕ್ತ ತಂತ್ರಾಂಶದಂಥ ಬೃಹತ್ ವಸ್ತುವನ್ನು ಟೆಲಿಫೋನ್ ತಂತಿಯ ಮೂಲಕ ಇಳಿಸಿಕೊಳ್ಳುವುದು ದಿನಗಟ್ಟಲೆಯ ಕೆಲಸವಾಗಿದ್ದಾಗ, ಅದು ತುಂಬಿದ್ದ ಸಿ.ಡಿ.ಯೊಂದನ್ನು ಜೇಬಿನಲ್ಲಿಟ್ಟುಕೊಂಡು ಬಂದವನೇ ಪುಣ್ಯಾತ್ಮ. ೧೯೯೬ರಲ್ಲಿ ಪಿ.ಸಿ. ಕ್ವೆಸ್ಟ್ ಮಾಸಪತ್ರಿಕೆ ಲಿನಕ್ಸ್ ಸಿ.ಡಿ.ಯನ್ನು ಸಂಚಿಕೆಯೊಡನೆ ಹಂಚಿದಾಗ ದೇಶದ ಅನೇಕ ಊರುಗಳಲ್ಲಿ ಬಳಕೆದಾರರ ಗುಂಪುಗಳು ಚಿಗುರಿದುವು. ಆ ಪ್ರಯತ್ನದ ಹಿಂದಿದ್ದವರಲ್ಲಿ ಪ್ರಮುಖರು ಜರ್ಮನಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿದ ಅತುಲ್ ಚಿಟ್ಣಿಸ್. ಇಂಟರ್ನೆಟ್ಟು ಬರುವುದಕ್ಕೂ ಮುನ್ನವೇ, ಟೆಲಿಫೋನಿನ ಮೂಲಕ ಪರಸ್ಪರ ಸಂದೇಶಗಳನ್ನು ಬಿಟ್ಟುಹೋಗಬಹುದಾದ ಒಂದು ವ್ಯವಸ್ಥೆಯನ್ನು ಈ ನಗರದಲ್ಲಿ ಅವರು ನಡೆಸುತ್ತಿದ್ದರು. ಬೆಂಗಳೂರಿನ ಲಿನಕ್ಸ್ ಬಳಕೆದಾರರ ಗುಂಪಿನವರು ಕೈಗೂಡಿಸಿ ೨೦೦೧ರಲ್ಲಿ ಲಿನಕ್ಸ್ ಬ್ಯಾಂಗಲೋರ್ ಎಂಬ ಸಮ್ಮೇಳನವನ್ನು ಏರ್ಪಡಿಸಿದರು; ೨೦೦೫ರಲ್ಲಿ ಅದು ಫಾಸ್ ಡಾಟ್ ಇನ್ ಎಂಬ ಹೆಸರನ್ನು ಧರಿಸಿ, ಅರಮನೆಯ ಮೈದಾನ, ಭಾರತೀಯ ವಿಜ್ಞಾನ ಸಂಸ್ಥೆಯ ಟಾಟಾ ಸಭಾಂಗಣ, ನಿಮ್ಹಾನ್ಸ್ ಸಭಾಂಗಣ ಎಂದು ನಾನಾ ಕಡೆ ಬೀಡುಬಿಟ್ಟು, ೨೦೧೨ರಲ್ಲಿ ಕೊನೆಗೊಂಡಿತು. ಮರುವರ್ಷ ಚಿಟ್ಣಿಸ್ ತೀರಿಕೊಂಡರು. ಅವರ ಮಾತಿನ ಕಟುತ್ವವನ್ನು ನೆನೆದು ಇಂದಿಗೂ ಸಿಡುಕುವವರಿದ್ದಾರೆ. ಆದರೆ ತಂತ್ರಾಂಶವನ್ನು ಸುಮ್ಮನೆ ಬಳಸುವುದಲ್ಲ, ಅದಕ್ಕೆ ನೀನು ಏನನ್ನು ಕೂಡಿಸಿದೆ ಎಂದು ಈ ನಗರದ ಸಭೆಗಳಲ್ಲಿ ಮುಖಕ್ಕೆ ಮುಖವಿಟ್ಟು ಕೇಳಿದವರಲ್ಲಿ ಅವರು ಅಗ್ರಗಣ್ಯರೆಂಬುದನ್ನು ಸಿಡುಕುವವರೂ ಒಪ್ಪುತ್ತಾರೆ.

ವಿದ್ಯಾಸಂಸ್ಥೆಗಳ ಕೋಣೆಯಲ್ಲಿ ನಡೆದ ಸಭೆಗಳಿಗೆ ಒಂದು ಲಕ್ಷಣವಿದ್ದಿತು. ಬಾಗಿಲು ತೆರೆದಿರುತ್ತಿದ್ದಿತು, ವಿದ್ಯಾರ್ಥಿಯೊಬ್ಬ ದಾರಿಯಲ್ಲಿ ಹೋಗುತ್ತ ಇಣುಕಿ, ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿ, ಎದ್ದು ಹೋಗಬಹುದಾಗಿದ್ದಿತು. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಬಳಗದವರು ೨೦೦೯ರಲ್ಲಿ ದೇಶದ ಪ್ರಥಮ ಪೈಕಾನ್ ಸಮ್ಮೇಳನವನ್ನು ವಿಜ್ಞಾನ ಸಂಸ್ಥೆಯಲ್ಲಿಯೂ, ಮರುವರ್ಷದ್ದನ್ನು ಎಂ. ಎಸ್. ರಾಮಯ್ಯ ತಾಂತ್ರಿಕ ಸಂಸ್ಥೆಯಲ್ಲಿಯೂ ನಡೆಸಿದರು. ಅಲ್ಲಿ ಕಾಫಿ ಕ್ಯಾಂಟೀನಿನದು, ಕುರ್ಚಿ ತರಗತಿಯದು, ಹಲಗೆಯ ಮೇಲೆ ಯಾರೋ ಬಿಡಿಸಿಟ್ಟ ಸಮೀಕರಣದ ಅರ್ಧಭಾಗ.

ಈ ನಡುವೆ ಸಭೆಯ ವಿಧಾನದಲ್ಲಿಯೇ ಒಂದು ಕ್ರಾಂತಿ ಸಂಭವಿಸಿದ್ದಿತು. ಪುಸ್ತಕ ಪ್ರಕಾಶಕ ಟಿಮ್ ಓರೈಲಿ ಕ್ಯಾಲಿಫೋರ್ನಿಯದಲ್ಲಿ ತನ್ನ ಆಪ್ತವಲಯದವರನ್ನು ಮಾತ್ರ ಆಹ್ವಾನಿಸಿ ನಡೆಸುತ್ತಿದ್ದ ಶಿಬಿರಕ್ಕೆ ಪ್ರತಿಯಾಗಿ, ಆಹ್ವಾನವೇ ಬೇಡದ ಶಿಬಿರವೊಂದನ್ನು ಕೆಲವು ತರುಣರು ಒಂದು ವಾರಕ್ಕೂ ಕಡಿಮೆ ಅವಧಿಯಲ್ಲಿ ಸಿದ್ಧಪಡಿಸಿ, ೨೦೦೫ರ ಆಗಸ್ಟಿನಲ್ಲಿ ಪಾಲೊ ಆಲ್ಟೊ ನಗರದ ಒಂದು ಕಂಪನಿಯ ಕಚೇರಿಯಲ್ಲಿ ನಡೆಸಿದರು. ಬಾರ್‌ಕ್ಯಾಂಪ್ ಎಂದು ಅದರ ಹೆಸರು. ಮೊದಲೇ ನಿಗದಿಯಾದ ಕಾರ್ಯಕ್ರಮವಿಲ್ಲ. ಬೆಳಗ್ಗೆ ಗೋಡೆಯ ಮೇಲೆ ಖಾಲಿ ವೇಳಾಪಟ್ಟಿ ಅಂಟಿಸಿರುತ್ತದೆ, ಮಾತನಾಡಬಯಸುವವನು ತನ್ನ ವಿಷಯವನ್ನು ಚೀಟಿಯಲ್ಲಿ ಬರೆದು ಅಲ್ಲಿಗೆ ಸೇರಿಸುತ್ತಾನೆ, ಕೇಳುಗರಿಗೆ ಬೇಸರವಾದರೆ ಎದ್ದು ಪಕ್ಕದ ಕೋಣೆಗೆ ಹೋಗುತ್ತಾರೆ. ಕೇವಲ ಪ್ರೇಕ್ಷಕರಾಗಿ ಬರುವಂತಿಲ್ಲ, ಬಂದವರೆಲ್ಲ ಭಾಗಿಗಳು ಎಂಬುದು ಅದರ ನಿಯಮ. ಇಂಥ ಸ್ವೈರಸಭೆಯಿಂದ ಏನು ಹುಟ್ಟೀತು ಎಂದು ಕೇಳುವವರಿಗೆ ಒಂದೇ ದೃಷ್ಟಾಂತ ಸಾಕು: ೨೦೦೬ರ ಜನವರಿಯಲ್ಲಿ ನ್ಯೂಯಾರ್ಕಿನ ಬಾರ್‌ಕ್ಯಾಂಪಿನಲ್ಲಿ ಜಾನ್ ರೆಸಿಗ್ ಎಂಬ ತರುಣ ಜೆಕ್ವೆರಿ ಎಂಬ ತನ್ನ ಕಿರು ಸಾಧನವನ್ನು ಮೊದಲಬಾರಿಗೆ ಪ್ರಕಟಿಸಿದನು, ಮುಂದಿನ ದಶಕದಲ್ಲಿ ಜಗತ್ತಿನ ವೆಬ್‌ಸೈಟುಗಳ ಬಹುಭಾಗ ಅದರ ಮೇಲೆ ನಿಂತಿತು. ಅದೇ ೨೦೦೬ರಲ್ಲಿ ಬಾರ್‌ಕ್ಯಾಂಪ್ ಬೆಂಗಳೂರಿಗೂ ಬಂದು, ವರ್ಷಗಳ ಕಾಲ ಇಲ್ಲಿ ನಿಂತಿತು. ನಿಗದಿತ ಕಾರ್ಯಕ್ರಮವಿಲ್ಲದ ಸಭೆಯನ್ನು ನಮ್ಮವರು ಇಷ್ಟು ಸಲೀಸಾಗಿ ಒಗ್ಗಿಸಿಕೊಂಡದ್ದಕ್ಕೆ ಅರಳಿಕಟ್ಟೆಯ ಸಂಸ್ಕಾರವೇ ಕಾರಣವೆಂದು ಒಬ್ಬ ಮಿತ್ರರು ವಾದಿಸುತ್ತಾರೆ. ಕಟ್ಟೆಯಲ್ಲಿ ವೇಳಾಪಟ್ಟಿಯ ಚೀಟಿಯನ್ನು ಅಂಟಿಸುವ ಶಿಸ್ತು ಎಂದೂ ಇರಲಿಲ್ಲವೆಂಬುದು ನನ್ನ ಸಮಾಧಾನ.

ಅಮೆರಿಕೆಯ ಅವಳಿ ಗೋಪುರಗಳ ಮೇಲಿನ ದಾಳಿಯ ನಂತರ ನೆರೆಹೊರೆಯವರು ಪರಸ್ಪರ ಮಾತನಾಡತೊಡಗಿದುದನ್ನು ಕಂಡು ಸ್ಕಾಟ್ ಹೈಫರ್ಮನ್ ಮತ್ತು ಆತನ ಸಂಗಡಿಗರು ೨೦೦೨ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭಿಸಿದ ಮೀಟಪ್ ಕಂಪನಿ, ಇಂಥ ಸಭೆಗಳನ್ನು ಸಾರುವ ಕೆಲಸವನ್ನು ಸುಗಮಗೊಳಿಸಿ, ತನ್ನ ಹೆಸರನ್ನು ಜಾತಿವಾಚಕವನ್ನಾಗಿ ಮಾಡಿಬಿಟ್ಟಿತು. ಒಟ್ಟಿನಲ್ಲಿ ೨೦೧೦ರ ವೇಳೆಗೆ ಬೆಂಗಳೂರಿನಲ್ಲಿ ಒಂದೊಂದು ಕಂಪ್ಯೂಟರ್ ಭಾಷೆಗೂ ಒಂದೊಂದು ಚೌಕಟ್ಟಿಗೂ ಪ್ರತ್ಯೇಕ ಕೂಟ ಏರ್ಪಟ್ಟಿದ್ದಿತು. ಜಾವಾಸ್ಕ್ರಿಪ್ಟಿನವರು ಬೇರೆ, ರೂಬಿಯವರು ಬೇರೆ. ಶೈವ ವೈಷ್ಣವರಷ್ಟೇ ಗಾಢವಾದ ಭೇದ.

ಆದರೆ ಅಷ್ಟರಲ್ಲಿ ಅಭಾವ ಹಿಂಗಿಹೋಗಿದ್ದಿತು. ತಂತ್ರಾಂಶ ಕ್ಷಣದಲ್ಲಿ ಇಳಿಯುತ್ತಿದ್ದಿತು, ಪಾಠ ಮನೆಯಲ್ಲಿಯೇ ದೊರೆಯುತ್ತಿದ್ದಿತು, ಪ್ರಪಂಚದ ಯಾವ ಮೂಲೆಯ ಉಪನ್ಯಾಸವನ್ನಾದರೂ ಹಾಸಿಗೆಯ ಮೇಲೆ ಮಲಗಿ ನೋಡಬಹುದಾಗಿದ್ದಿತು. ಸಿ.ಡಿ.ಗಾಗಿ ಬರುತ್ತಿದ್ದವರಿಗೆ ಬರುವ ಕಾರಣವಿಲ್ಲದಂತಾದ ಮೇಲೆ ಸಭೆಯೂ ನಿಲ್ಲಬೇಕಾಗಿದ್ದಿತು, ನಿಲ್ಲಲಿಲ್ಲ. ನಿಲ್ಲದಿರಲು ಕಾರಣ ವಿದ್ಯಾದಾಹವೆಂದು ಹೇಳಿದರೆ ಕೇಳಲು ಹಿತವಾಗಿರುತ್ತದೆ, ಆದರೆ ಅದು ಪೂರ್ತಿ ನಿಜವಲ್ಲ. ಕೆಲಸಗಾರರಿಗಾಗಿ ಕಂಪನಿಗಳು ಹಪಹಪಿಸುತ್ತಿದ್ದ ಕಾಲವದು. ಉದ್ಯೋಗವನ್ನು ಬಿಡಲು ಅರ್ಧ ಮನಸ್ಸಿದ್ದು, ತನ್ನ ವಿದ್ಯೆಯಲ್ಲಿ ನಿಜವಾದ ಆಸ್ಥೆಯುಳ್ಳ ಐವತ್ತು ಮಂದಿಯನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಳ್ಳುವ ಅವಕಾಶಕ್ಕೆ ಹೋಲಿಸಿದರೆ ನಾಲ್ಕು ಪೆಟ್ಟಿಗೆ ಪಿಜ್ಜಾದ ವೆಚ್ಚ ಏನೂ ಅಲ್ಲ. ಕೋರಮಂಗಲ, ಇಂದಿರಾನಗರ, ದೊಮ್ಮಲೂರು, ಮಾರತಹಳ್ಳಿಗಳ ಕಂಪನಿಗಳು ತಮ್ಮ ಊಟದ ಸಭಾಂಗಣಗಳನ್ನು ಸಂತೋಷದಿಂದ ತೆರೆದುಕೊಟ್ಟುವು.

ತೆರೆದುಕೊಟ್ಟುವು ಎಂದೆನಷ್ಟೆ, ಗೇಟಿನ ಮಾತು ಬೇರೆ. ಸಭೆಗೆ ಬಂದವನು ಈಗ ಕಾವಲುಗಾರನ ಮುಂದೆ ನಿಂತು, ಹೆಸರನ್ನೂ ದೂರವಾಣಿ ಸಂಖ್ಯೆಯನ್ನೂ ಬರೆದು, ಗುರುತಿನ ಚೀಟಿಯನ್ನು ತೋರಿಸಿ, ಲ್ಯಾಪ್‌ಟಾಪಿನ ಕ್ರಮಾಂಕವನ್ನು ದಾಖಲಿಸಿ, ಕೊರಳಿಗೆ ವಿಸಿಟರ್ ಬ್ಯಾಡ್ಜನ್ನು ಹಾಕಿಕೊಂಡು, ಲಿಫ್ಟಿಗೆ ಜೊತೆಗೊಬ್ಬರು ಬರುವವರೆಗೆ ಕಾದಿರಬೇಕು. ದಾರಿಯಲ್ಲಿ ಹೋಗುವ ವಿದ್ಯಾರ್ಥಿ ಇಣುಕಿ ನೋಡುವ ಪ್ರಶ್ನೆಯೇ ಇಲ್ಲ. ಒಳಗೆ ಮೊದಲ ಐದು ನಿಮಿಷ ಆತಿಥೇಯ ಕಂಪನಿಯ ಗುಣಗಾನ. ಕೊನೆಯ ಸ್ಲೈಡಿನಲ್ಲಿ, ನಮ್ಮಲ್ಲಿ ಹುದ್ದೆಗಳು ಖಾಲಿ ಇವೆ ಎಂಬ ಸಾರಣೆ. ಇದನ್ನು ಸಭೆಯ ಅಧಃಪತನವೆಂದು ಹಳಬರು ಹಳಿಯುತ್ತಾರೆ. ನಾನು ಅಷ್ಟು ದೂರ ಹೋಗಲಾರೆ. ಆತಿಥೇಯನ ಹೊಗಳಿಕೆಯನ್ನು ಕೇಳುವುದು ಊಟ ಹಾಕಿಸಿಕೊಂಡವರ ಹಳೆಯ ಋಣ, ಅದನ್ನು ನಮ್ಮ ಆಸ್ಥಾನ ಕವಿಗಳೂ ತೀರಿಸಿದವರೇ. ಆದರೆ ಒಂದು ಹಾನಿಯನ್ನು ಮಾತ್ರ ಒಪ್ಪಿಕೊಳ್ಳಲೇಬೇಕು. ಕಂಪನಿಯ ಕೋಣೆಯಲ್ಲಿ ಕಂಪನಿಯವನು ತನ್ನ ಗೆಲುವನ್ನು ಹೇಳುತ್ತಾನೆ, ಸೋಲನ್ನು ಹೇಳುವುದಿಲ್ಲ. ಕಸುಬನ್ನು ಕಲಿಯುವವನಿಗೆ ಸೋಲಿನ ವೃತ್ತಾಂತದಿಂದ ಆಗುವ ಪ್ರಯೋಜನ ಗೆಲುವಿನದರಿಂದ ಆಗದು.

ಈ ಹಂಗನ್ನು ಹರಿದುಕೊಳ್ಳಲು ನಡೆದ ಒಂದು ಪ್ರಯತ್ನ ಗಮನಾರ್ಹ. ಕಿರಣ್ ಜೊನ್ನಲಗಡ್ಡ ಮತ್ತು ಜೈನಬ್ ಬಾವಾ ೨೦೧೦ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹ್ಯಾಸ್‌ಗೀಕ್ ಸಂಸ್ಥೆ, ಕೇಳುಗರೇ ಚೀಟಿ ಕೊಂಡು ಬರಬೇಕೆಂಬ, ಭಾಷಣದ ವಿಷಯಗಳನ್ನು ಮೊದಲೇ ಬಹಿರಂಗವಾಗಿ ಪ್ರಸ್ತಾವಿಸಿ ಚರ್ಚಿಸಬೇಕೆಂಬ ಪದ್ಧತಿಯನ್ನು ರೂಢಿಗೆ ತಂದಿತು. ಜಾವಾಸ್ಕ್ರಿಪ್ಟಿಗೆ ಮೀಸಲಾದ ಅದರ ಜೆಎಸ್‌ಫೂ ಸಮ್ಮೇಳನ ೨೦೧೧ರಲ್ಲಿ ಪ್ರಾರಂಭವಾಯಿತು. ಪುಕ್ಕಟೆ ಸಭೆಗೆ ಒಗ್ಗಿದ್ದವರು ಹಣ ಕೊಡುವುದೇಕೆಂದು ಗೊಣಗಿದರು. ಹಣ ಕೊಟ್ಟವರು, ಸಂಗೀತ ಸಭೆಯ ರಸಿಕರಂತೆಯೇ, ವೇದಿಕೆಯ ಮೇಲೆ ಜಾಹೀರಾತನ್ನು ಸಹಿಸದವರಾದರು. ಅದು ಒಳ್ಳೆಯದೇ ಆಯಿತು.

ಪ್ರೊಜೆಕ್ಟರಿನ ವಿಷಯವನ್ನು ಇಲ್ಲಿಯೇ ಹೇಳಿ ಮುಗಿಸುತ್ತೇನೆ. ಹದಿನೈದು ಕಂಬಿಗಳ ಹಳೆಯ ವಿ.ಜಿ.ಎ. ಕೊಂಡಿಯ ಕಾಲದಿಂದ ಎಚ್.ಡಿ.ಎಂ.ಐ. ಮತ್ತು ಯು.ಎಸ್.ಬಿ.-ಸಿ ಕಾಲದವರೆಗೆ, ಜಗತ್ತಿಗೆಲ್ಲ ತಂತ್ರಾಂಶವನ್ನು ರಚಿಸಿಕೊಡುವ ಈ ಸಭೆಯವರ ಪಾಲಿಗೆ, ಭಾಷಣಕಾರನ ಲ್ಯಾಪ್‌ಟಾಪಿಗೂ ಗೋಡೆಯ ತೆರೆಗೂ ಸಂಬಂಧವನ್ನು ಕುದುರಿಸುವುದೇ ಅತ್ಯಂತ ಕಠಿನವಾದ ಕಾರ್ಯವಾಗಿ ಉಳಿದುಬಂದಿದೆ. ಯಾರಲ್ಲಾದರೂ ಅಡಾಪ್ಟರ್ ಇದೆಯೇ ಎಂಬ ಕೂಗಿನಿಂದ ಶುರುವಾಗದ ಸಭೆ ಅಪೂರ್ವ. ಹೋಂಬ್ರ್ಯೂ ಕ್ಲಬ್ಬಿನವರು ತಮ್ಮಲ್ಲಿ ಇರುವುದನ್ನೂ ತಮಗೆ ಬೇಕಾದುದನ್ನೂ ಸಾರುತ್ತಿದ್ದ ಪದ್ಧತಿಯಲ್ಲಿ ನಮ್ಮಲ್ಲಿ ಜೀವಂತವಾಗಿ ಉಳಿದಿರುವುದು ಪ್ರಾಯಶಃ ಇದೊಂದೇ.

ಕೋಣೆ ಎಲ್ಲಿದೆ ಎಂಬುದು ಯಾರು ಬರುತ್ತಾರೆ ಎಂಬುದನ್ನೂ ನಿರ್ಧರಿಸುತ್ತದೆ. ಹೋಂಬ್ರ್ಯೂ ಕ್ಲಬ್ಬಿನಲ್ಲಿ ಸೇರುತ್ತಿದ್ದವರು ಹೆಚ್ಚುಕಡಿಮೆ ಎಲ್ಲರೂ ಗಂಡಸರು. ಬೆಂಗಳೂರಿನ ಮೊದಲ ಸಭೆಗಳೂ ಅದಕ್ಕೆ ಹೊರತಾಗಿರಲಿಲ್ಲ. ನಗರದ ಅಂಚಿನ ಟೆಕ್ ಪಾರ್ಕೊಂದರಲ್ಲಿ ಸಂಜೆ ಏಳಕ್ಕೆ ಶುರುವಾಗಿ ಹತ್ತಕ್ಕೆ ಮುಗಿಯುವ ಸಭೆಗೆ, ಸಿಲ್ಕ್ ಬೋರ್ಡಿನ ವಾಹನಸಾಗರವನ್ನು ದಾಟಿ ಹೋಗಿ ಮರಳಬೇಕಾದ ಹೆಣ್ಣುಮಗಳೊಬ್ಬಳು ಎಷ್ಟು ಸಲ ಬಂದಾಳು? ಸಂಘಟಕರು ಶನಿವಾರದ ಬೆಳಗನ್ನು ಆರಿಸಿಕೊಳ್ಳತೊಡಗಿದುದು, ಮೆಟ್ರೊ ನಿಲ್ದಾಣಕ್ಕೆ ಹತ್ತಿರದ ಜಾಗವನ್ನು ಹುಡುಕತೊಡಗಿದುದು, ಸಭಾಮರ್ಯಾದೆಯ ನಿಯಮಾವಳಿಯನ್ನು ಬರೆದು ಪ್ರಕಟಿಸತೊಡಗಿದುದು, ಇವೆಲ್ಲ ಈಚಿನ ಹತ್ತು ಹದಿನೈದು ವರ್ಷಗಳ ಬೆಳೆವಣಿಗೆ. ೨೦೧೧ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೊದಲಾಗಿ ಅನೇಕ ದೇಶಗಳಿಗೆ ಹರಡಿದ ವಿಮೆನ್ ಹೂ ಕೋಡ್ ಎಂಬ ಸಂಸ್ಥೆ ಧನಾಭಾವದಿಂದ ೨೦೨೪ರಲ್ಲಿ ಮುಚ್ಚಿತು. ಈ ಬೆಳೆವಣಿಗೆ ಎಷ್ಟು ದುರ್ಬಲವಾದ ತಳಹದಿಯ ಮೇಲೆ ನಿಂತಿದೆಯೆಂಬುದಕ್ಕೆ ಅದು ಸಾಕ್ಷಿ.

೨೦೨೦ರ ಮಾರ್ಚಿನಲ್ಲಿ ಮಹಾಮಾರಿ ಎಲ್ಲ ಕೋಣೆಗಳನ್ನೂ ಮುಚ್ಚಿಸಿತು. ಎರಡು ವರ್ಷ ಸಭೆಗಳು ತೆರೆಯ ಮೇಲೆ ನಡೆದುವು. ಭಾಷಣಗಳು ಸಾಂಗವಾಗಿ ಜರುಗಿದುವು, ಸಮೋಸದ ಸುತ್ತಣ ಮಾತು ಮಾತ್ರ ನಡೆಯಲಿಲ್ಲ, ಆಗ ಸಭೆ ಯಾವುದಕ್ಕಾಗಿ ಇದ್ದಿತೆಂಬುದು ಬಹುಮಂದಿಗೆ ತಿಳಿಯಿತು. ಅದೇ ೨೦೨೦ರಲ್ಲಿ ಹುಟ್ಟಿದ ಫಾಸ್ ಯುನೈಟೆಡ್ ಎಂಬ ಪ್ರತಿಷ್ಠಾನ ಮುಕ್ತ ತಂತ್ರಾಂಶದವರ ಸಭೆಗಳನ್ನು ಬೆಂಗಳೂರಿನಲ್ಲಿಯೂ ಅನ್ಯ ನಗರಗಳಲ್ಲಿಯೂ ಮತ್ತೆ ಕಟ್ಟತೊಡಗಿತು. ಇನ್ನೊಂದು ನಷ್ಟ ಸದ್ದಿಲ್ಲದೆ ಆಯಿತು. ಜಗತ್ತಿನಾದ್ಯಂತ ಇಂಥ ಗುಂಪುಗಳು ತಮ್ಮ ಪತ್ರವ್ಯವಹಾರವನ್ನು ನಡೆಸುತ್ತಿದ್ದ ಯಾಹೂ ಗ್ರೂಪ್ಸ್ ಸೇವೆಯನ್ನು ಆ ಕಂಪನಿ ೨೦೨೦ರ ಡಿಸೆಂಬರಿನಲ್ಲಿ ಸಂಪೂರ್ಣವಾಗಿ ನಿಲ್ಲಿಸಿತು. ಹಳೆಯ ಓಲೆಗಳನ್ನು ಅದಕ್ಕೂ ಮುಂಚೆಯೇ ಅಳಿಸಿಹಾಕಿದ್ದಿತು. ಮಂದಿರವಿಲ್ಲದ ಸಭೆಗೆ ಭಂಡಾರವೂ ಇರುವುದಿಲ್ಲ. ಎರಡನೆಯ ಪುಲಕೇಶಿ ಯಾರನ್ನು ಗೆದ್ದನೆಂಬುದನ್ನು ಐಹೊಳೆಯ ಶಾಸನದಿಂದ ಹೇಳಬಲ್ಲ ನಾವು, ಇಪ್ಪತ್ತು ವರ್ಷಗಳ ಹಿಂದೆ ಇದೇ ಊರಿನ ಒಂದು ಸಭೆಯಲ್ಲಿ ಯಾರು ಏನು ಮಾತನಾಡಿದರೆಂಬುದನ್ನು ಹೇಳಲು ಸಾಕ್ಷಿ ಹುಡುಕಬೇಕಾಗಿದೆ.

ಕನ್ನಡದ ಮಾತು ಉಳಿಯಿತು. ಈ ಸಭೆಗಳಲ್ಲಿ ಭಾಷಣ ಇಂಗ್ಲಿಷಿನದು, ಪ್ರಶ್ನೆಯೂ ಇಂಗ್ಲಿಷಿನದು. ಚಹಾದ ಹೊತ್ತಿನಲ್ಲಿ ಮಾತ್ರ ಗುಂಪುಗಳು ಕನ್ನಡ, ತೆಲುಗು, ತಮಿಳು, ಹಿಂದಿಗಳಾಗಿ ಒಡೆಯುತ್ತವೆ. ಆದರೆ ಕನ್ನಡವನ್ನು ವೆಬ್ಬಿಗೆ ಏರಿಸುವ ಕಾರ್ಯಕ್ಕಾಗಿಯೇ ಬೇರೊಂದು ಸಾಲಿನ ಸಭೆಗಳು ನಡೆದು ಬಂದಿವೆ, ಅವುಗಳಿಗೆ ದೊರೆತ ಕೋಣೆಗಳೂ ಬೇರೆ. ಒಂದೊಂದು ಪತ್ರಿಕೆಗೂ ಒಂದೊಂದು ಫಾಂಟು, ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗಿ ಮೂಡುವ ತೆರೆ, ಹುಡುಕಿದರೆ ಸಿಗದ ಪದ, ಇವು ಯೂನಿಕೋಡ್ ರೂಢಿಗೆ ಬರುವ ಮುನ್ನಿನ ಕಷ್ಟಗಳು. ೨೦೦೩ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಸಮ್ಮಿಲನಗಳೂ ಸಂಪಾದನಾ ಕಮ್ಮಟಗಳೂ ಬಹುಮಟ್ಟಿಗೆ ಕಾಲೇಜುಗಳ ಆಶ್ರಯವನ್ನು ಪಡೆದುವು. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾನಿಲಯ, ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜುಗಳ ವಿದ್ಯಾರ್ಥಿಗಳು ಅದಕ್ಕೆ ಲೇಖನಗಳನ್ನು ಕೂಡಿಸಿದರು. ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳನ್ನು ಪದಪದವಾಗಿ ಹುಡುಕಲು ಅನುವಾಗುವಂತೆ ರೂಪುಗೊಂಡ ವಚನ ಸಂಚಯ ಇಂಥ ಬಳಗವೊಂದರ ಫಲ. ಅದರಲ್ಲಿ ತಂತ್ರಾಂಶ ಬರೆಯುವ ತರುಣರೊಡನೆ ಓ. ಎಲ್. ನಾಗಭೂಷಣಸ್ವಾಮಿಯವರಂಥ ವಿದ್ವಾಂಸರೂ ಸೇರಿ ದುಡಿದರು. ಕಸುಬಿನ ಹೊರಗಿನವನೊಬ್ಬ, ಅದರ ಪರಿಭಾಷೆಯ ಗಂಧವೂ ಇಲ್ಲದೆ, ಸಭೆಯ ನಡುವೆ ಸಮಾನನಾಗಿ ಕುಳಿತು, ನನಗೆ ಇಂಥದೊಂದು ಸಾಧನ ಬೇಕು, ಮಾಡಿಕೊಡಬಲ್ಲಿರಾ ಎಂದು ಕೇಳುವುದು ಆ ಬಳಗಗಳಲ್ಲಿ ಸಾಧ್ಯವಾಯಿತು. ಕೋರಮಂಗಲದ ಎತ್ತರದ ಅಂತಸ್ತುಗಳ ಸಭೆಗಳಲ್ಲಿ ಅಂಥವನೊಬ್ಬನನ್ನು ನಾನು ಕಂಡದ್ದು ಅತಿ ವಿರಳ.